ಅಂಗವರಿತು ನೀಡುವ ಪ್ರಸಾದ

ವೀರಶೈವ ಧರ್ಮದ ಅಷ್ಟಾವರಣಗಳನ್ನು ವಿವರಿಸುವಾಗ ಗುರು, ಲಿಂಗ, ಜಂಗಮರು ಪೂಜ್ಯರೆಂದೂ, ವಿಭೂತಿ, ರುದ್ರಾಕ್ಷಿ, ಮಂತ್ರಗಳು ಪೂಜೆಯ ಸಾಧನಗಳೆಂದೂ, ಪಾದೋದಕ ಪ್ರಸಾದಗಳು ಆ ಪೂಜೆಯ ಫಲಗಳೆಂದೂ ಹಿರಿಯರು ವಿಂಗಡಿಸಿ ತಿಳಿಸುವರು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಆ ಸ್ಥಲಕ್ಕೆ ಚೆನ್ನಬಸವಣ್ಣನವರನ್ನೇ ಶರಣ ಪರಂಪರೆಯು ಮುಂದಿಟ್ಟು ನೆನೆಯುತ್ತದೆ. ಹೊಲದಲ್ಲಿ ಬೆಳೆದ ಕಾಳು ಒಲೆಯ ಮೇಲೆ ಬೆಂದರೆ ಅನ್ನವಾಗುವುದು. ಆ ಅನ್ನವನ್ನು ಇಷ್ಟಲಿಂಗಕ್ಕೆ ಅರ್ಪಿಸಿ, ಕೊಟ್ಟಾತನು ಶಿವನೆಂಬ ಅರಿವಿನಿಂದ ಕೈಗೆತ್ತಿಕೊಂಡಾಗ ಅದು ಪ್ರಸಾದವಾಗುವುದು. ಆದುದರಿಂದ ಶರಣರ ಮಾರ್ಗದಲ್ಲಿ ಪೂಜೆ ಬೇರೆ, ಊಟ ಬೇರೆ ಎಂಬ ಭೇದವು ಉಳಿಯಲಿಲ್ಲ. ಉಣ್ಣುವುದೂ ಪೂಜೆಯೇ ಆಯಿತು.

ಇಷ್ಟನ್ನು ಬಲ್ಲ ಸದ್ಭಕ್ತರು ಬಹಳ ಮಂದಿ. ಆದರೆ ಆ ಪ್ರಸಾದವು ಯಾರ ತಟ್ಟೆಗೆ ಎಷ್ಟು ಬೀಳಬೇಕು, ಯಾವ ರೂಪದಲ್ಲಿ ಬೀಳಬೇಕು ಎಂಬ ಪ್ರಶ್ನೆ ಬಂದರೆ, ಅದು ಅಡಿಗೆಮನೆಯ ಮಾತೆಂದು ಯಜಮಾನರು ಎದ್ದು ಹೋಗುವ ರೂಢಿಯುಂಟು. ಪ್ರಸಾದವನ್ನು ಕುರಿತ ಪ್ರಶ್ನೆಯು ಅಡಿಗೆಮನೆಯ ಮಾತಾದರೆ, ಅಡಿಗೆಮನೆಯ ಮಾತೂ ಧರ್ಮದ ಮಾತೇ ಅಲ್ಲವೆ?

ಮಠದ ಜಾತ್ರೆಯ ದಿನ ದಾಸೋಹದ ಪಂಕ್ತಿಯನ್ನು ಒಮ್ಮೆ ಗಮನಿಸಿ ನೋಡಬೇಕು. ಏಳು ವರುಷದ ಹುಡುಗನೊಬ್ಬನು ಕುಳಿತಿರುವನು. ಅವನ ಪಕ್ಕದಲ್ಲಿ ತೇರಿನ ಹಗ್ಗವನ್ನೆಳೆದು ಬಂದ ತರುಣ. ಅವನಾಚೆ ಹಲ್ಲುಗಳನ್ನೆಲ್ಲ ಕಳೆದುಕೊಂಡ ಅಜ್ಜಿ. ಅಜ್ಜಿಯ ಮಗ್ಗುಲಲ್ಲಿ ತುಂಬು ಬಸುರಿಯಾದ ಮೊಮ್ಮಗಳು. ಕುಲವನ್ನು ಕೇಳದೆ, ಹಣವನ್ನು ನೋಡದೆ ಇವರೆಲ್ಲರನ್ನೂ ಒಂದೇ ಸಾಲಿನಲ್ಲಿ ಕೂಡಿಸಿದ್ದು ಶರಣಧರ್ಮದ ಹಿರಿಮೆ. ಆದರೆ ಬಡಿಸುವವನು ಎಲ್ಲರಿಗೂ ಒಂದೇ ಸೌಟು ಸುರಿದು ಮುಂದೆ ಸಾಗಿದರೆ ಏನಾಗುವುದು? ಹುಡುಗನು ಅರ್ಧಕ್ಕೇ ಸಾಕೆನ್ನುವನು, ಪ್ರಸಾದವನ್ನು ಚೆಲ್ಲಬಾರದೆಂದು ಹಿರಿಯರು ಗದರುವರು. ತರುಣನಿಗೆ ಅದು ಮೂರು ತುತ್ತಿಗಾಗದು. ಅಜ್ಜಿಗೆ ಗಟ್ಟಿಯಾದುದನ್ನು ನುಂಗಲಾಗದು. ಬಸುರಿಯು ನಾಚಿಕೆಯಿಂದ ಎರಡನೆಯ ಸಲ ಕೇಳಳು. ಅನುಭವಿಯಾದ ಬಡಿಸುವವನು ಹಾಗೆ ಮಾಡುವುದಿಲ್ಲ. ಹುಡುಗನಿಗೆ ತುಸುವೇ ಹಾಕಿ ಮತ್ತೆ ಬರುವನು. ಅಜ್ಜಿಯ ಅನ್ನಕ್ಕೆ ಸಾರನ್ನು ಹೆಚ್ಚಾಗಿ ಎರೆಯುವನು. ಬಸುರಿಯು ಕೇಳುವ ಮೊದಲೇ ಬೇಳೆಯನ್ನು ತಳದಿಂದ ಎತ್ತಿ ನೀಡುವನು. ಪಂಕ್ತಿಯು ಸಮವೆಂದ ಮಾತ್ರಕ್ಕೆ ಸೌಟೂ ಸಮವಾಗಬೇಕಿಲ್ಲ.

ಶರೀರವನ್ನು ಗುಡಿಯೆಂದು ಕಂಡವರು ಬಸವಣ್ಣನವರು. ಆದರೆ ಕಲ್ಲಿನ ಗುಡಿಗೂ ಈ ಗುಡಿಗೂ ದೊಡ್ಡ ಅಂತರವೊಂದುಂಟು. ಕಲ್ಲಿನ ಗುಡಿಯ ದೀಪಕ್ಕೆ ಇಂದು ಎರೆದಷ್ಟೇ ಎಣ್ಣೆ ನಾಳೆಗೂ ಸಾಕು, ನೂರು ವರ್ಷದ ಮೇಲೂ ಸಾಕು. ಮಾಂಸರಕ್ತಗಳ ಗುಡಿಯು ನಿಂತಲ್ಲಿ ನಿಲ್ಲುವುದಲ್ಲ. ಅದು ಬೆಳೆಯುವುದು, ಇನ್ನೊಂದು ಜೀವವನ್ನು ಹೊರುವುದು, ಹಾಲೂಡುವುದು, ಜ್ವರದಲ್ಲಿ ಬೇಯುವುದು, ಕಡೆಗೆ ಮುಪ್ಪಿನಲ್ಲಿ ಸೊರಗುವುದು. ಅದು ಸ್ಥಾವರವಲ್ಲ, ಜಂಗಮ. ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷನ ಪ್ರಸಂಗವು ಇಲ್ಲಿ ನೆನೆಯತಕ್ಕದ್ದು. ತನ್ನ ಕಾಯವನ್ನು ಕತ್ತಿಗೂ ಜಗ್ಗದ ವಜ್ರಕಾಯವನ್ನಾಗಿ ಮಾಡಿಕೊಂಡೆನೆಂದು ಬೀಗಿದ ಆ ಯೋಗಿಗೆ, ಅಲ್ಲಮಪ್ರಭುಗಳು ಕಾಯದ ಗಟ್ಟಿತನವು ಸಿದ್ಧಿಯಲ್ಲವೆಂದು ತೋರಿಸಿಕೊಟ್ಟರು. ಇಪ್ಪತ್ತರ ಮೈಯನ್ನು ಎಪ್ಪತ್ತರಲ್ಲಿಯೂ ಹಿಡಿದಿಡುವೆನೆಂಬುದು ಒಂದು ಬಗೆಯ ಭ್ರಮೆ. ಎಪ್ಪತ್ತರ ಮೈಗೆ ಇಪ್ಪತ್ತರ ತಟ್ಟೆಯನ್ನಿಡುವುದು, ಹಸಿಬಾಣಂತಿಗೆ ರೋಗಿಯ ಗಂಜಿಯನ್ನಿಡುವುದು ಅದೇ ಭ್ರಮೆಯ ಇನ್ನೊಂದು ಮುಖ.

ಅಳತೆಯ ಮಾತು ಬಂದಾಗ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರನ್ನು ಬಿಟ್ಟು ಮುಂದೆ ಹೋಗಲಾಗದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮಗೆ ಸಲ್ಲದು, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನು ತಿರುಗಿ ಕಳುಹಿಸಿದಳೆಂಬ ಕಥೆಯನ್ನು ಮಕ್ಕಳೂ ಬಲ್ಲರು. ಪ್ರವಚನಗಳಲ್ಲಿ ಈ ಕಥೆಯನ್ನು ಆಶೆಯನ್ನು ಬಿಡಬೇಕೆಂಬುದಕ್ಕೆ ಮಾತ್ರ ಉದಾಹರಿಸುವರು. ಅದು ಸರಿಯೇ. ಆದರೆ ಲಕ್ಕಮ್ಮನು ಮಾಡಿದ್ದು ಅಕ್ಕಿಯನ್ನು ಕಡಿಮೆ ಮಾಡುವ ಕೆಲಸವಲ್ಲ, ತಕ್ಕಷ್ಟಕ್ಕೆ ತರುವ ಕೆಲಸ. ದಾಸೋಹಕ್ಕೆ ಎಷ್ಟು ಬೇಕೆಂಬುದು ಆಕೆಗೆ ಖಚಿತವಾಗಿ ಗೊತ್ತಿತ್ತು. ಹೆಚ್ಚಾದುದನ್ನು ತಿರುಗಿ ಕಳುಹಿಸಿದ ಆ ಕಣ್ಣು ಕೊರತೆಯನ್ನು ಕಂಡಿದ್ದರೂ ಸುಮ್ಮನಿರುತ್ತಿರಲಿಲ್ಲ.

ಈ ತಕ್ಕಷ್ಟು ಎಂಬುದನ್ನು ಇಂದು ಅಂಕೆಗಳಲ್ಲಿಯೂ ಹೇಳಲು ಬರುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯೂ ೨೦೨೦ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕುಳಿತು ಕೆಲಸ ಮಾಡುವ ೬೫ ಕಿಲೋ ತೂಕದ ಗಂಡಸಿಗೆ ದಿನಕ್ಕೆ ಸುಮಾರು ೨,೧೧೦ ಕಿಲೋಕ್ಯಾಲರಿ ಶಕ್ತಿ ಬೇಕು. ಕುಳಿತು ಕೆಲಸ ಮಾಡುವ ೫೫ ಕಿಲೋ ತೂಕದ ಹೆಂಗಸಿಗೆ ೧,೬೬೦ ಸಾಕು. ಆದರೆ ಅದೇ ಹೆಂಗಸು ಹೊಲದಲ್ಲಿ ಕಷ್ಟದ ದುಡಿಮೆ ಮಾಡುವವಳಾದರೆ ೨,೭೨೦ ಬೇಕು. ಎಂದರೆ, ಅಂಗಡಿಯ ಗಲ್ಲೆಯ ಮೇಲೆ ಕುಳಿತ ಯಜಮಾನನಿಗಿಂತ ಕಳೆ ಕಿತ್ತು, ನೀರು ಹೊತ್ತು ಬಂದ ಹೆಣ್ಣುಮಗಳ ಮೈ ಹೆಚ್ಚು ಬೇಡುವುದು. ಎಷ್ಟು ಮನೆಗಳಲ್ಲಿ ತಟ್ಟೆಗಳು ಈ ಲೆಕ್ಕವನ್ನು ಅನುಸರಿಸುತ್ತಿವೆಯೋ ಶಿವನೇ ಬಲ್ಲ. ಗಂಡಸರು ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದುದು ಕಾಯಕ ಮಾಡಿದವಳ ಪಾಲಾಗುವುದೇ ಹೆಚ್ಚು. ಕಾಯಕವೆಂಬ ಮಾತಿನೊಳಗೇ ಕಾಯವಿದೆ ಎಂಬುದನ್ನು ಮರೆತುದರ ಫಲವಿದು.

ಬಸುರಿಯಾದಾಗ ಈ ಲೆಕ್ಕಕ್ಕೆ ದಿನಕ್ಕೆ ೩೫೦ ಕಿಲೋಕ್ಯಾಲರಿ ಕೂಡುವುದು. ಕಡೆಯ ಮೂರು ತಿಂಗಳಲ್ಲಿ ದಿನಕ್ಕೆ ೨೨ ಗ್ರಾಮಿನಷ್ಟು ಪ್ರೋಟೀನೂ ಹೆಚ್ಚಾಗಿ ಬೇಕು. ತಾಯಿಯ ಮೈಯಲ್ಲಿ ಹರಿಯುವ ರಕ್ತದ ಪ್ರಮಾಣವೇ ನೂರಕ್ಕೆ ನಲವತ್ತರಿಂದ ಐವತ್ತರಷ್ಟು ಏರುವುದು. ಅಷ್ಟು ರಕ್ತವನ್ನು ಕಟ್ಟಲು ಕಬ್ಬಿಣದ ಅಂಶವು ಎಲ್ಲಿಂದ ಬರಬೇಕು? ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಗರ್ಭಿಣಿಯರಲ್ಲಿ ೫೨ ಮಂದಿ ರಕ್ತಹೀನರೆಂದು ಕಂಡುಬಂದಿತು. ಹೀಗಿದ್ದರೂ, ಬಸುರಿ ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುವುದೆಂಬ ನಂಬಿಕೆಯು ಹಳ್ಳಿಗಳಲ್ಲಿ ಇಂದಿಗೂ ಅಳಿದಿಲ್ಲ. ಕುಬಸದ ದಿನ ಹಸಿರು ಸೀರೆಯುಡಿಸಿ, ಹತ್ತು ಬಗೆಯ ಪಕ್ವಾನ್ನಗಳನ್ನು ಮುಂದಿಟ್ಟು, ಬಯಕೆಯೇನೆಂದು ಕೇಳುವರು. ಮರುದಿನದಿಂದ ಆಕೆಯ ತುತ್ತನ್ನು ಎಣಿಸುವರು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸು ಹುಟ್ಟಿದರೆ ಹೆರಿಗೆ ಹಗುರವಾಯಿತೆಂದು ಹಿಗ್ಗುವಂತಿಲ್ಲ. ಅಂಥ ಕೂಸಿಗೆ ಮೊದಲ ತಿಂಗಳಲ್ಲಿ ಸೋಂಕಿನ ಭಯವೂ ಮರಣದ ಭಯವೂ ಹೆಚ್ಚು. ಎಂಟನೆಯ ತಿಂಗಳಲ್ಲಿ ಗರ್ಭಲಿಂಗಧಾರಣೆ ಮಾಡಿಸುವ ಸಂಪ್ರದಾಯವು ಕೆಲವು ಮನೆತನಗಳಲ್ಲಿ ಉಂಟು. ಒಡಲೊಳಗಿನ ಶಿಶುವನ್ನೂ ಭಕ್ತನೆಂದು ಒಪ್ಪಿ ಲಿಂಗವನ್ನು ಕಟ್ಟಿದ ಬಳಿಕ, ಆ ಭಕ್ತನಿಗೆ ಸಲ್ಲಬೇಕಾದ ಪ್ರಸಾದವನ್ನು ತಡೆಯುವುದು ಯಾವ ನ್ಯಾಯ?

ಇನ್ನು ಬಾಣಂತಿಯ ಮಾತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಜಾತಿಸೂತಕ, ಜನನಸೂತಕ, ಪ್ರೇತಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ ಇವು ಐದೂ ಲಿಂಗವಂತರಿಗೆ ಇಲ್ಲ. ಹೆತ್ತ ತಾಯಿಯು ಹೆತ್ತ ಗಳಿಗೆಯಲ್ಲಿಯೂ ಇಷ್ಟಲಿಂಗವನ್ನು ಅಗಲಬೇಕಿಲ್ಲ, ಪೂಜೆಯನ್ನು ಬಿಡಬೇಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಂಥ ಮಾತನ್ನಾಡುವುದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ಇಂದು ಊಹಿಸುವುದೂ ಕಷ್ಟ. ಆದರೆ ಸೂತಕವನ್ನು ಬಾಗಿಲಿನಿಂದ ಹೊರಹಾಕಿದ ಮನೆಗಳಲ್ಲಿಯೇ ಅದು ಪಥ್ಯದ ಹೆಸರಿನಲ್ಲಿ ಬೆಳಕಿಂಡಿಯಿಂದ ಒಳಗೆ ಬಂದಿದೆ. ಬಾಣಂತಿಗೆ ಕತ್ತಲೆಯ ಕೋಣೆ. ಕುಡಿಯಲು ನೀರು ಎಣಿಸಿದಷ್ಟು, ನೀರು ಕುಡಿದರೆ ಹೊಟ್ಟೆ ಬರುವುದೆಂಬ ಭಯ. ಬೇಳೆ ವಾಯು, ಮೊಸರು ಶೀತ, ತರಕಾರಿ ಕೂಸಿಗೆ ಹೊಟ್ಟೆನೋವು, ರೊಟ್ಟಿ ಜಡ. ಹೀಗೆ ಒಂದೊಂದನ್ನೇ ತೆಗೆದುಹಾಕಿದ ಮೇಲೆ ಉಳಿಯುವುದೇನು? ಬಿಳಿಯ ಅನ್ನ, ಕಾಳುಮೆಣಸಿನ ಸಾರು, ಒಂದಿಷ್ಟು ತುಪ್ಪ, ಉಂಡ ಮೇಲೆ ಎಲೆ ಅಡಿಕೆ. ಕೆಲವು ಮನೆಗಳಲ್ಲಿ ಇದು ಒಂದು ತಿಂಗಳು, ಕೆಲವು ಮನೆಗಳಲ್ಲಿ ಮೂರು ತಿಂಗಳು.

ಈ ಪಥ್ಯದಿಂದ ತಾಯಿಯು ಒಡನೆಯೇ ಹಾಸಿಗೆ ಹಿಡಿಯುವುದಿಲ್ಲ. ಆದುದರಿಂದಲೇ ಪಥ್ಯವು ಒಳ್ಳೆಯದೆಂಬ ನಂಬಿಕೆ ಉಳಿದುಕೊಂಡಿರುವುದು. ಬಹಳವಾದರೆ ಅಂಗಾಲು ಜುಮ್ಮೆನ್ನುವುದು, ಕಾಲು ಸೋಲುವುದು. ಹೆರಿಗೆಯ ಆಯಾಸವೆಂದು ಎಲ್ಲರೂ ಸುಮ್ಮನಾಗುವರು. ಆಪತ್ತು ಬರುವುದು ಕೂಸಿಗೆ. ಇಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಕೂಸಿಗೆ ಎರಡು ತಿಂಗಳು. ತಾಯಿಯ ಹಾಲನ್ನಲ್ಲದೆ ಬೇರೇನನ್ನೂ ಕುಡಿದಿಲ್ಲ, ಮೈದುಂಬಿ ಬೆಳೆಯುತ್ತಿದೆ. ಒಂದು ಸಂಜೆ ಮೊಲೆ ಬಾಯಿಗಿಟ್ಟರೆ ತಿರುಗಿಸಿಕೊಳ್ಳುವುದು. ರಾತ್ರಿ ಒಂದೇ ಸಮನೆ ಅಳುವುದು. ಬೆಳಗಿನ ಜಾವಕ್ಕೆ ಅಳುವಿನ ದನಿಯೇ ಅಡಗಿ, ಬಾಯಿ ತೆರೆದರೂ ಸದ್ದು ಹೊರಡದು. ಉಸಿರು ಸೇದುಸೇದಾಗಿ ಏರುವುದು. ದೃಷ್ಟಿಯಾಗಿದೆ ಎಂದು ಒಬ್ಬರು ಉಪ್ಪು ನಿವಾಳಿಸುವರು, ಇನ್ನೊಬ್ಬರು ಹೊಟ್ಟೆಗೆ ಇಂಗು ಹಚ್ಚುವರು. ಅಷ್ಟರಲ್ಲಿ ಅದರ ಎದೆಯೊಳಗೆ, ಪುಪ್ಪುಸಕ್ಕೆ ರಕ್ತವನ್ನೊಯ್ಯುವ ನಾಳದಲ್ಲಿ ಒತ್ತಡವು ಮಿತಿಮೀರಿ, ಹೃದಯದ ಬಲಭಾಗವು ಸೋಲುತ್ತಿರುವುದು.

ಇದು ಕಟ್ಟುಕಥೆಯ ರೋಗವಲ್ಲ. ಕೇವಲ ಎದೆಹಾಲನ್ನು ಕುಡಿಯುವ ಕೆಲವೇ ತಿಂಗಳ ಶಿಶುಗಳಲ್ಲಿ ಹೀಗೆ ಹಠಾತ್ತಾಗಿ ಬರುವ ಉಸಿರಾಟದ ಆಪತ್ತನ್ನು ಕರ್ನಾಟಕದ ವೈದ್ಯರೇ ಈಚಿನ ವರ್ಷಗಳಲ್ಲಿ ಗುರುತಿಸಿ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿರುವರು. ವಿಚಾರಿಸಿದಾಗ ಆ ತಾಯಂದಿರಲ್ಲಿ ಹೆಚ್ಚಿನವರು ಪಾಲಿಶ್ ಮಾಡಿದ ಅಕ್ಕಿಯ ಅನ್ನದ ಕಟ್ಟುಪಥ್ಯದಲ್ಲಿ ಇದ್ದವರೆಂದು ತಿಳಿದುಬಂದಿತು. ಕೊರತೆಯಾದುದು ಬಿ–೧ ಎಂಬ ಜೀವಸತ್ವ, ಥಯಮಿನ್ ಎಂದು ಅದರ ಹೆಸರು. ಕಾರಣವನ್ನು ಅರಿತ ವೈದ್ಯರ ಕೈಗೆ ಹೊತ್ತಿಗೆ ಸರಿಯಾಗಿ ಸಿಕ್ಕಿದರೆ, ಆ ಜೀವಸತ್ವದ ಸೂಜಿಮದ್ದಿನಿಂದ ಕೂಸು ಒಂದೆರಡು ದಿನಗಳಲ್ಲಿ ಕಣ್ಣು ತೆರೆದು ಹಾಲು ಕುಡಿಯುವುದು. ತಡವಾದರೆ ಉಳಿಯುವುದು ಕಷ್ಟ.

ಒಂದೇ ಕೊರತೆಯು ತಾಯಿಯ ಮೈಯಲ್ಲಿ ಜುಮ್ಮೆನ್ನುವ ಅಂಗಾಲಾಗಿ, ಕೂಸಿನ ಮೈಯಲ್ಲಿ ಸೋಲುವ ಹೃದಯವಾಗಿ ಕಾಣುವುದೇಕೆ? ತಾಯಿಯದು ಬೆಳೆದು ನಿಂತ ದೇಹ. ಕೂಸಿನದು ದಿನದಿನಕ್ಕೂ ಬೆಳೆಯುವ ದೇಹ. ಐದು ತಿಂಗಳಿಗೆ ಹುಟ್ಟಿದಾಗಿನ ತೂಕದ ಇಮ್ಮಡಿಯಾಗಬೇಕು, ವರ್ಷಕ್ಕೆ ಮುಮ್ಮಡಿಯಾಗಬೇಕು. ಆ ವೇಗಕ್ಕೆ ಉರಿಯುವ ಒಲೆಗೆ ಥಯಮಿನ್ ಇಲ್ಲದೆ ಸೌದೆಯು ಹತ್ತದು. ಈ ಸತ್ವವನ್ನು ಮೈಯು ಬಹುಕಾಲ ಕೂಡಿಡಲಾರದು. ಉಂಡುದರಲ್ಲಿ ಬರದಿದ್ದರೆ ಎರಡು ಮೂರು ವಾರಗಳಲ್ಲಿ ಬರಿದಾಗುವುದು, ತಾಯಿಯ ಹಾಲಿನಲ್ಲಿಯೂ ಇಳಿಯುವುದು. ಅಡಿಕೆಯ ಒಗರೂ ಅದನ್ನು ಕೆಡಿಸುವುದು.

ಅಕ್ಕಿಯ ಈ ದೋಷವು ಲೋಕಕ್ಕೆ ತಿಳಿದು ನೂರು ವರ್ಷಗಳ ಮೇಲಾಯಿತು. ೧೮೯೦ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ ವೈದ್ಯರು, ಪಾಲಿಶ್ ಅಕ್ಕಿಯ ಅನ್ನವನ್ನು ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ಸಹಿತವಾದ ಅಕ್ಕಿಯನ್ನು ತಿಂದೊಡನೆ ಎದ್ದು ಓಡಾಡುವುದನ್ನೂ ಕಂಡರು. ೧೯೨೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ನಮ್ಮ ದೇಶದಲ್ಲಿ ೧೯೧೮ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ನರು ಇದೇ ಬೆರಿಬೆರಿ ರೋಗದ ಶೋಧನೆಗೆಂದು ತೆರೆದ ಸಣ್ಣ ಕೇಂದ್ರವೇ ೧೯೫೮ರಲ್ಲಿ ಹೈದರಾಬಾದಿಗೆ ಬಂದು, ೧೯೬೯ರಲ್ಲಿ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯೆಂಬ ಹೆಸರನ್ನು ತಳೆಯಿತು. ಶರಣರ ಕಾಲದಲ್ಲಿ ಅಕ್ಕಿಯ ಗಿರಣಿಗಳಿರಲಿಲ್ಲ. ವಚನಕಾರ್ತಿಯಾದ ಕೊಟ್ಟಣದ ಸೋಮಮ್ಮನಂಥವರು ಒನಕೆಯಿಂದ ಕುಟ್ಟಿದ ಅಕ್ಕಿಯಲ್ಲಿ ತೌಡು ಅಷ್ಟಿಷ್ಟು ಉಳಿಯುತ್ತಿತ್ತು. ಆ ತೌಡಿನಲ್ಲಿಯೇ ಈ ಸತ್ವವಿದ್ದುದು. ಗಿರಣಿಯು ಅಕ್ಕಿಯನ್ನು ಬೆಳ್ಳಗೆ ಮಾಡಿತು, ಪಥ್ಯವು ಅನ್ನವನ್ನು ಒಂಟಿಯಾಗಿ ಮಾಡಿತು, ನಾಲ್ಕು ಸಲ ತೊಳೆದು ಗಂಜಿಯನ್ನು ಬಸಿದು ಚೆಲ್ಲುವ ನಾಜೂಕು ಉಳಿದುದನ್ನೂ ತೆಗೆಯಿತು.

ಹಿರಿಯರ ಬಾಣಂತನವೆಲ್ಲವೂ ತಪ್ಪೆಂದು ಹೇಳುವುದು ಅವಿವೇಕ. ಉತ್ತರ ಕರ್ನಾಟಕದ ಅಜ್ಜಿಯರು ಕಟ್ಟುವ ಅಂಟಿನುಂಡೆಯಲ್ಲಿ ಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪಗಳಿವೆ. ಅಳವಿಯ ಪಾಯಸದಲ್ಲಿ ಕಬ್ಬಿಣದ ಅಂಶವು ಹೇರಳ. ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿಗಳು ಒಳ್ಳೆಯವೇ. ಎಣ್ಣೆ ನೀರಿನ ಉಪಚಾರವೂ, ತಿಂಗಳುಗಟ್ಟಲೆ ದುಡಿಮೆಯಿಂದ ಬಿಡುವು ಕೊಡುವುದೂ ಎಷ್ಟು ಹೊಗಳಿದರೂ ಸಾಲದು. ಇಂಥ ವಿಶ್ರಾಂತಿಯು ಅನೇಕ ದೇಶಗಳ ತಾಯಂದಿರಿಗೆ ಇಲ್ಲ. ಬಿಡಬೇಕಾದುದು ಕೂಡಿಸುವ ಪದ್ಧತಿಯನ್ನಲ್ಲ, ಕಳೆಯುವ ಪದ್ಧತಿಯನ್ನು. ಹಾಲೂಡುವ ಮೊದಲ ಆರು ತಿಂಗಳಲ್ಲಿ ತಾಯಿಗೆ ದಿನಕ್ಕೆ ೬೦೦ ಕಿಲೋಕ್ಯಾಲರಿ ಹೆಚ್ಚಾಗಿ ಬೇಕೆಂದು ಮೇಲೆ ಹೇಳಿದ ೨೦೨೦ರ ಲೆಕ್ಕವೇ ತಿಳಿಸುವುದು. ಹದವಾದ ಗಾತ್ರದ ಮೂರು ಜೋಳದ ರೊಟ್ಟಿಗಳಿಗೆ ಇದು ಹತ್ತಿರ ಹತ್ತಿರ ಸಮ. ಬಸುರಿಗಿಂತ ಬಾಣಂತಿಗೇ ಹೆಚ್ಚು ಬೇಕೆಂಬುದು ಇದರಿಂದ ಸ್ಪಷ್ಟ. ಜೋಳ, ರಾಗಿ, ಗೋಧಿಗಳನ್ನು ತೌಡು ತೆಗೆಯದೆ ಬೀಸಿದ ಹಿಟ್ಟು, ತೊಗರಿ ಹೆಸರುಗಳ ಬೇಳೆ, ಶೇಂಗಾ, ಎಳ್ಳು, ಇವೆಲ್ಲದರಲ್ಲಿ ಥಯಮಿನ್ ಉಂಟು. ಅನ್ನವೇ ಬೇಕೆಂದರೆ ಕರಾವಳಿಯವರು ಉಣ್ಣುವ ಕುಚ್ಚಲಕ್ಕಿಯು ಮೇಲು. ಭತ್ತವನ್ನು ಬೇಯಿಸುವಾಗ ತೌಡಿನ ಸತ್ವವು ಕಾಳಿನೊಳಕ್ಕೆ ಇಳಿದಿರುವುದು. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಗಿಲಾಗಿ ಸುಣ್ಣದ ಅಂಶವಿದೆ. ಬಿಳಿಯ ಅಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ನೀರನ್ನಂತೂ ಬಾಯಾರಿದಷ್ಟು ಕೊಡಲೇಬೇಕು. ಹಾಲು ಆಗುವುದು ನೀರಿನಿಂದಲೇ.

ಸರ್ಕಾರವು ೨೦೧೭ರ ಅಕ್ಟೋಬರ್ ೨ರಂದು ಮಾತೃಪೂರ್ಣ ಎಂಬ ಯೋಜನೆಯನ್ನು ಆರಂಭಿಸಿ, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟದ ಏರ್ಪಾಡು ಮಾಡಿತು. ಊಟವು ಸಿದ್ಧವಾಗಿದ್ದರೂ, ಬಾಣಂತಿಯು ಹೊಸ್ತಿಲು ದಾಟಬಾರದೆಂಬ ಮನೆಗಳಿಂದ ಉಣ್ಣುವವರು ಬರುವುದು ಕಷ್ಟವಾಯಿತು. ಕಾನೂನು ಬಾಗಿಲ ತನಕ ಬರಬಲ್ಲುದು. ಬಾಗಿಲನ್ನು ತೆರೆಯಬೇಕಾದವರು ಮನೆಯ ಹಿರಿಯರು.

ಇನ್ನೊಂದು ಸಣ್ಣ ಮಾತು. ಹಸು ಕರು ಹಾಕಿದರೆ ಗಿಣ್ಣವನ್ನು ಕಾಯಿಸಿ ನೆರೆಹೊರೆಗೆಲ್ಲ ಹಂಚಿ ಸಂತೋಷಪಡುವ ಮನೆಯಲ್ಲಿಯೇ, ಸೊಸೆಯ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುವುದುಂಟು. ಆ ಹಳದಿ ಹಾಲು ಕೂಸಿಗೆ ಸೋಂಕಿನ ವಿರುದ್ಧ ದೊರೆಯುವ ಮೊದಲ ಕವಚ. ಹುಟ್ಟಿದ ಗಂಟೆಯೊಳಗೆ ಅದನ್ನು ಕುಡಿಸಬೇಕು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲನ್ನಲ್ಲದೆ ಜೇನು, ಬಜೆ, ನೀರು ಯಾವುದೂ ಬೇಡ. ಆರು ತಿಂಗಳು ತುಂಬಿದ ಮೇಲೆ ಹಾಲಿನ ಜೊತೆಗೆ ಮೆತ್ತನೆಯ ಆಹಾರ ಸೇರಬೇಕು. ಕೂಸಿನ ಹೊಟ್ಟೆಯು ಚಿಕ್ಕದು, ಹಸಿವು ದೊಡ್ಡದು. ತೆಳ್ಳನೆಯ ಗಂಜಿಯಿಂದ ಹೊಟ್ಟೆ ತುಂಬುವುದಲ್ಲದೆ ಮೈ ತುಂಬುವುದಿಲ್ಲ. ರಾಗಿಯ ಸರಿಯನ್ನು ಚಮಚದಿಂದ ಜಾರದಷ್ಟು ಗಟ್ಟಿಯಾಗಿ ಮಾಡಿ, ತುಪ್ಪವನ್ನು ಬೆರೆಸಿ, ದಿನಕ್ಕೆ ಹಲವು ಸಲ ತಿನ್ನಿಸಬೇಕು.

ಇನ್ನು ಮುಪ್ಪು. ಇಲ್ಲಿ ಕೊರತೆಯನ್ನು ತರುವವರು ಅನೇಕ ವೇಳೆ ಮುದುಕರೇ. ಇನ್ನು ನನಗೇಕೆ, ಮಕ್ಕಳು ಉಣ್ಣಲಿ ಎಂದು ತಟ್ಟೆಗೆ ಕೈಯಡ್ಡ ಹಿಡಿಯುವರು. ಅದು ವೈರಾಗ್ಯವೆಂದು ಮನೆಯವರೂ ಭಾವಿಸುವರು. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ಮಿತಾಹಾರಿಗಳಾಗಿಯೇ ೧೧೧ ವರ್ಷಗಳ ತುಂಬು ಬಾಳನ್ನು ಬಾಳಲಿಲ್ಲವೆ ಎಂದು ಕೇಳುವವರುಂಟು. ಹೌದು. ಆದರೆ ಅವರ ಮಿತವು ಅವರ ಮೈಯನ್ನು ಬಲ್ಲ ಮಿತವಾಗಿತ್ತು, ಅದನ್ನು ಅವರು ಬೆಳೆಯುವ ಹುಡುಗರ ಮೇಲೆ ಹೇರಲಿಲ್ಲ. ತಮ್ಮದು ತುಸುವೇ ಆಹಾರವಾದರೂ ಮಠದ ಸಾವಿರಾರು ವಿದ್ಯಾರ್ಥಿಗಳಿಗೆ ಮುದ್ದೆ ಸಾರಿನ ಊಟವು ಹೊಟ್ಟೆ ತುಂಬ ದೊರೆಯುವಂತೆ ನೋಡಿಕೊಂಡರು. ೨೦೧೯ರ ಜನವರಿ ೨೧ರಂದು ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟವು ಮುಗಿದ ಬಳಿಕವೇ ಆ ಸುದ್ದಿಯನ್ನು ಪ್ರಕಟಿಸಲಾಯಿತು.

ಮುಪ್ಪಿನಲ್ಲಿ ಮೈಗೆ ಬೇಕಾದ ಶಕ್ತಿಯು ಕಡಿಮೆಯಾಗುವುದು ನಿಜ, ಪ್ರೋಟೀನಿನ ಅಗತ್ಯವು ಕಡಿಮೆಯಾಗುವುದಿಲ್ಲ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರರಲ್ಲಿ ಮೂರರಿಂದ ಎಂಟು ಪಾಲಿನಂತೆ ಮಾಂಸಖಂಡಗಳು ಕರಗುತ್ತ ಬರುವುವು, ಅರವತ್ತರ ಮೇಲೆ ಇನ್ನೂ ಬೇಗ. ಹಲ್ಲಿಲ್ಲವೆಂದು ರೊಟ್ಟಿ ಕಾಳುಗಳನ್ನು ಬಿಟ್ಟು ಹಾಲಿನ ನೀರಿನಂಥ ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ದಿನ ಕಳೆಯುವ ಅಜ್ಜನು ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರೆ, ಅದರ ಕಾರಣವು ಬಚ್ಚಲಿನಲ್ಲಿ ಮಾತ್ರವೇ ಇರಲಿಲ್ಲ. ಬಿ–೧೨ ಎಂಬ ಜೀವಸತ್ವವು ಸಸ್ಯಾಹಾರಿಗಳಿಗೆ ಮುಖ್ಯವಾಗಿ ಹಾಲು ಮೊಸರುಗಳಿಂದಲೇ ಬರಬೇಕು. ವಯಸ್ಸಾದಂತೆ ಜಠರದ ಆಮ್ಲವು ತಗ್ಗಿ, ತಿಂದುದರಲ್ಲಿರುವುದೂ ಮೈಗೆ ಹತ್ತದು. ಮರೆವು, ಕಾಲುರಿ, ನಡೆಯುವಾಗ ತೂಗಾಟ ಇವೆಲ್ಲವನ್ನೂ ಮುಪ್ಪಿನ ಲೆಕ್ಕಕ್ಕೆ ಬರೆಯುವ ಮೊದಲು ಒಮ್ಮೆ ರಕ್ತವನ್ನು ಪರೀಕ್ಷೆ ಮಾಡಿಸುವುದು ಲೇಸು. ಬಾಯಾರಿಕೆಯೂ ಮುಪ್ಪಿನಲ್ಲಿ ಮಂಕಾಗುವುದು. ಕೇಳಲಿಲ್ಲವೆಂದು ನೀರು ಕೊಡದಿರುವುದು ತಪ್ಪು. ಹೃದಯ, ಮೂತ್ರಪಿಂಡಗಳ ರೋಗವಿದ್ದವರಿಗೆ ಮಾತ್ರ ನೀರಿನ ಅಳತೆಯನ್ನು ವೈದ್ಯರು ಹೇಳಬೇಕು.

ಜ್ವರವೂ ವಯಸ್ಸಿಗೆ ತಕ್ಕಂತೆ ವೇಷವನ್ನು ಬದಲಿಸುವುದು. ತರುಣನಿಗೆ ಪುಪ್ಪುಸದ ಉರಿಯೂತವಾದರೆ ಮೈ ಸುಡುವುದು, ಚಳಿ ನಡುಕ ಬರುವುದು. ಎಂಬತ್ತರ ಅಜ್ಜಿಗೆ ಅದೇ ರೋಗವಾದರೆ ಮೈ ಬಿಸಿಯೇ ಆಗದಿರಬಹುದು. ನಿನ್ನೆಯವರೆಗೆ ಸರಿಯಾಗಿದ್ದವಳು ಇಂದು ಮೊಮ್ಮಗನ ಹೆಸರನ್ನು ತಪ್ಪಿ ಕರೆಯುವಳು, ಉಣ್ಣಲೊಲ್ಲಳು, ಎದ್ದು ನಿಲ್ಲಲಾರಳು, ಅಷ್ಟೇ ಲಕ್ಷಣ. ಮೂರು ತಿಂಗಳೊಳಗಿನ ಕೂಸಿಗೆ ೧೦೦.೪ ಡಿಗ್ರಿಯಷ್ಟು ಜ್ವರ ಬಂದರೂ ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. ಅದರ ಮೈಯ ಮುಕ್ಕಾಲು ಪಾಲು ನೀರು. ವಾಂತಿಭೇದಿಯಾದರೆ ಕೆಲವೇ ಗಂಟೆಗಳಲ್ಲಿ ಒಣಗುವುದು.

ಶಿವರಾತ್ರಿಯ ಉಪವಾಸದ ವಿಷಯವನ್ನೂ ಸದ್ಭಕ್ತರು ಕೇಳುವುದುಂಟು. ಗಟ್ಟಿಮುಟ್ಟಾದವರು ಒಂದು ದಿನ ಉಪವಾಸವಿದ್ದು ಜಾಗರಣೆ ಮಾಡಿದರೆ ಬಾಧೆಯಿಲ್ಲ. ಬಸುರಿ, ಬಾಣಂತಿ, ಎಳೆಯ ಮಕ್ಕಳು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಅಂದು ಉಪವಾಸ ಮಾಡತಕ್ಕದ್ದಲ್ಲ. ಲಿಂಗಕ್ಕೆ ಅರ್ಪಿಸಿ ಉಂಡುದು ಪ್ರಸಾದವೆಂಬ ಮಾತು ಶಿವರಾತ್ರಿಯಂದು ಸುಳ್ಳಾಗುವುದಿಲ್ಲ. ತಿಥಿವಾರಗಳಲ್ಲಿ ಮೇಲುಕೀಳನ್ನು ಎಣಿಸದಿರುವುದೇ ಶರಣರ ನಡೆ. ಅಂಥವರನ್ನು ಉಪವಾಸಕ್ಕೆ ಒತ್ತಾಯಿಸಿದ ಹಿರಿಯರಿಗೆ ಪುಣ್ಯವೆಲ್ಲಿಂದ ಬರಬೇಕು?

ಈ ಮಾತುಗಳನ್ನು ಅರಿತು ನಡೆಯುವ ಮನೆಗಳೂ ನಮ್ಮಲ್ಲಿ ಇಲ್ಲದಿಲ್ಲ. ಅಂಥ ಮನೆಗಳಲ್ಲಿ ಬಾಣಂತಿಯ ಕೋಣೆಯ ಕಿಟಕಿಯು ತೆರೆದಿರುವುದು, ನೀರಿನ ತಂಬಿಗೆಯು ಕೈಗೆಟಕುವಂತೆ ತೊಟ್ಟಿಲ ಬಳಿಯೇ ಇರುವುದು. ಸಂಜೆಯ ಲಿಂಗಪೂಜೆಯು ಮುಗಿದು ಅರ್ಪಣವಾದೊಡನೆ ಅತ್ತೆಯು ಮೊದಲ ತಟ್ಟೆಯನ್ನು ಹಚ್ಚಿ, ಮೂರು ರೊಟ್ಟಿ, ಗಟ್ಟಿಯಾದ ಬೇಳೆ, ಸಬ್ಬಸಿಗೆ ಪಲ್ಯ, ಒಂದು ಬಟ್ಟಲು ಮೊಸರನ್ನಿಟ್ಟು ಸೊಸೆಯ ಕೋಣೆಗೆ ಒಯ್ಯುವಳು. ಆಕೆ ಉಂಡು ಮುಗಿಸುವವರೆಗೆ ಕೂಸು ಅಜ್ಜಿಯ ತೊಡೆಯ ಮೇಲಿರುವುದು. ಉಳಿದವರು ಆಮೇಲೆ ಸಾಲಾಗಿ ಕೂರುವರು.